ಮಾಲ್ಟಾದ ಮಾಳಿಗೆಯ ಬಿಸಿಲು

ಸಮುದ್ರದ ನಡುವಿನ ಮಾಲ್ಟಾ ಅನ್ನೋ ದೇಶದಾಗೆ ನನ್ನ ಮಗಳು ನರ್ಸ್. ಹೋದ ವರ್ಷ ಅಲ್ಲಿನ ಬೇಸಿಗೇಲಿ ಅವಳ ಬಾಣಂತನಕ್ಕೆ ಹೋಗಿ ಮೂರು ತಿಂಗಳು ಇದ್ದೆ.

ಊರು ಚಂದ ಐತೆ. ಜೇನಿನ ಬಣ್ಣದ ಕಲ್ಲಿನ ಮನೆಗಳು, ಮೇಲೆ ಸಪಾಟು ಮಾಳಿಗೆ. ಬಿಸಿಲು ಸಂಜೆ ಏಳಾದರೂ ಹೋಗಲ್ಲ, ಮಳೆ ಒಂದು ಹನಿ ಕಾಣಲಿಲ್ಲ. ಮಧ್ಯಾಹ್ನ ಬಾಗಿಲು ಹಾಕ್ಕಂಡು ಮಲಗ್ತಾರೆ. ಸಂಜೆ ನನ್ನಂಥ ಮುದುಕಿಯರು ಬೀದಿಗೆ ಕುರ್ಚಿ ಹಾಕ್ಕಂಡು ಕೂರ್ತಾರೆ. ಭಾಷೆ ತಿಳೀದಿದ್ರೂ ಯಾರನ್ನ ಆಡ್ಕಂತಾರೆ ಅಂತ ತಿಳೀತಿತ್ತು.

ನನಗೆ ಹಿಡಿಸಿದ್ದು ಆ ಮಾಳಿಗೆ. ನಮ್ಮೂರು ಆದಿವಾಲದಾಗೆ ಮನೆ ಪಾಲಾದಾಗ ಮಾಳಿಗೆ ಹಿರೇ ಓರಗಿತ್ತಿ ಪಾಲಿಗೆ ಹೋತು. ನಮ್ಮ ಕಡೆ ಬಿಸಿಲಿಗೇನು ಕಮ್ಮಿ ಇಲ್ಲ, ಹಾಸೋ ಜಾಗ ಇರಲಿಲ್ಲ. ಒಂದಿನ ಸಂಡಿಗೆ ಹಾಕ್ಕಂತೀನಿ ಅಂದಿದ್ದಕ್ಕೆ, "ನಿನ್ನ ಪಾಲಿನ ಅಂಗಳದಾಗೆ ಹಾಕ್ಕಳೇ, ನಮ್ಮ ಮಾಳಿಗೆ ಸವೀತದೆ" ಅಂದ್ಲು. ಅಂಗಳಕ್ಕೆ ಅವಳದೇ ಗೋಡೆ ನೆರಳು. ಇಪ್ಪತ್ತು ಬೇಸಿಗೆ ರಸ್ತೆ ಬದಿ ಹಳೇ ಸೀರೆ ಹಾಸಿ, ಕೋಲು ಹಿಡಕಂಡು ಕುಂತೆ. ಮೇಕೆ ತಿಂದು ಉಳಿದಿದ್ದಕ್ಕೆ ಬಸ್ಸಿನ ಧೂಳು. ಅವಳು ಮೇಲಿಂದ ನೋಡಿ ನಗೋಳು.

ಮಾಲ್ಟಾದಾಗೆ ಮಗಳ ಮನೆಗೂ ಪಕ್ಕದ ಮನೆಗೂ ಒಂದೇ ಮಾಳಿಗೆ. ಅದರ ತುಂಬ ಬಿಳೀ ಪಂಚೆ ಹಾಸಿ ಅಕ್ಕಿ ಸಂಡಿಗೆ ಒತ್ತಿದೆ. ಪಕ್ಕದ ಮನೆ ಮುದುಕಿ ಬಟ್ಟೆ ಒಣಹಾಕಕ್ಕೆ ಬಂದೋಳು, ನೋಡಿ, ತನ್ನ ಹಗ್ಗಾನೇ ಬಿಚ್ಚಿ ಜಾಗ ಬಿಟ್ಲು. ಗುರುತಿಲ್ಲ, ಪರಿಚಯ ಇಲ್ಲ.

ಅವತ್ತೇ ಓರಗಿತ್ತಿಗೆ ವಿಡಿಯೋ ಕಾಲ್ ಮಾಡಿದೆ. ಬೇಕಂತಲೇ, ಸಂಡಿಗೆ ಕಾಣೋ ಹಂಗೆ ಫೋನ್ ಹಿಡಕಂಡು.

"ಏನಕ್ಕ, ಆಷಾಢದ ಗಾಳೀಲಿ ನಿಮ್ಮ ಮಾಳಿಗೆ ನೆಟ್ಟಗೈತಾ?"

"ವಿಮಾನ ಹತ್ತಿ ಹೋಗಿ ಸಂಡಿಗೆ ಹಾಕ್ತೀಯಲ್ಲೇ."

"ಇಲ್ಲಿ ಸವೆಯಲ್ವಂತೆ, ಅದಕ್ಕೆ."

ಫೋನ್ ಇಟ್ಟುಬಿಟ್ಲು. ದಿನಾ ಮಾಡಿದೆ. ಎತ್ತದಿದ್ರೆ ಫೋಟೋ ಕಳಿಸಿದೆ.

ಎರಡು ಡಬ್ಬ ಸಂಡಿಗೆ ತಗಂಡು ಊರಿಗೆ ಬಂದೆ. ಶ್ರಾವಣದಾಗೆ ಅವಳ ಮೊಮ್ಮಗಳ ನಿಶ್ಚಿತಾರ್ಥ. ಮೋಡ ಕವಿದು ಅವಳ ಸಂಡಿಗೆ ಬೂಸ್ಟು ಹಿಡಿದಿತ್ತು. ಓರಗಿತ್ತಿ ತನ್ನ ಸೊಸೆ ಕೈಲಿ ತಟ್ಟೆ ತುಂಬ ಒಬ್ಬಟ್ಟು ಕಳಿಸಿದ್ಲು.

"ಚಿಕ್ಕತ್ತೆ, ಒಂದಿಷ್ಟು ಸಂಡಿಗೆ ಕೊಡಬೇಕಂತೆ."

ನಮ್ಮಲ್ಲಿ ಬಂದ ತಟ್ಟೇನ ಬರಿದು ಕಳಿಸಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕ್ತೀವಿ. ನಾನು ಒಬ್ಬಟ್ಟು ತೆಗೆದಿಟ್ಟು, ತಟ್ಟೆ ತೊಳೆದು, ಒರೆಸಿ, ಹಂಗೇ ಕೊಟ್ಟೆ.

"ಬರೀ ತಟ್ಟೇನಾ?" ಅಂದ್ಲು ಸೊಸೆ.

"ಹೂಂ. ನಿಮ್ಮತ್ತೆಗೆ ಅರ್ಥ ಆಗುತ್ತೆ, ಹೋಗು."

ಅರ್ಥ ಆತು. ಅವಳು ಬಾಗಿಲು ದಡಾರ್ ಅಂತ ಹಾಕಿದ್ದು ಇಲ್ಲಿಗೆ ಕೇಳಿಸ್ತು. ಒಬ್ಬಟ್ಟು ಮೆತ್ತಗಿತ್ತು. ತುಪ್ಪ ಹಾಕ್ಕಂಡು ಮೂರು ತಿಂದೆ.