ಕೀಬೋರ್ಡಿನೊಳಗಿನ ಅಕ್ಷತೆ

ಕಳೆದ ತಿಂಗಳು ಒಂದು ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪನ್ನು ಬೋರಲು ಹಾಕಿ ಅದರ ಬೆನ್ನಿಗೆ ಎರಡು ಏಟು ಕೊಟ್ಟೆ. ಕೀಲಿಗಳ ಸಂದಿಯಿಂದ ಮೂರು ಅಕ್ಕಿಕಾಳು ಮೇಜಿನ ಮೇಲೆ ಉದುರಿದವು. ಅರಿಶಿನದ ಬಣ್ಣ ಇನ್ನೂ ಪೂರ್ತಿ ಮಾಸಿರಲಿಲ್ಲ. ಹಳೆಯ ಯಂತ್ರ ಬಿಚ್ಚಿದಾಗ ನಿಮಗೆ ಧೂಳು, ಕೂದಲು, ಹೆಚ್ಚೆಂದರೆ ಒಂದು ಸತ್ತ ಇರುವೆ ಸಿಕ್ಕಿರಬಹುದು. ನನಗೆ ಅಕ್ಷತೆ ಸಿಕ್ಕಿತು. ಅದರ ಹಿಂದೆಯೇ ಇಪ್ಪತ್ತು ವರ್ಷದ ಕೆಳಗೆ ಹೇಳಿದ ಒಂದು ಸುಳ್ಳು ನೆನಪಿಗೆ ಬಂದು, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ನಲವತ್ತು ದಾಟಿದ ಮೇಲೆ ಕೆಲವರು ಬೆಳಿಗ್ಗೆ ಎದ್ದು ಓಡುತ್ತಾರೆ, ಕೆಲವರು ಗಡ್ಡ ಬಿಡುತ್ತಾರೆ. ನನಗೆ ಹಳೆಯ ಕಂಪ್ಯೂಟರ್ ಆಟಗಳ ಹುಚ್ಚು ಹತ್ತಿತು. ಅದೇ ಆಟ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆಂದು ಹೆಂಡತಿ ಹೇಳಿ ನೋಡಿದಳು. ಸಿಗುತ್ತದೆ, ನಿಜ. ಆದರೆ ಕೀಲಿ ಒತ್ತಿದರೆ ಟಕ್ ಎನ್ನಬೇಕು, ಒಳಗೆ ಏನೋ ಗರ್ ಎಂದು ತಿರುಗಬೇಕು, ಶುರುವಾಗುವಷ್ಟರಲ್ಲಿ ಒಂದು ಚಹಾ ಮುಗಿಯಬೇಕು. ಇದನ್ನೆಲ್ಲ ಹೆಂಡತಿಗೆ ವಿವರಿಸುವ ಧೈರ್ಯವಾಗದೆ ಅಟ್ಟ ಹತ್ತಿ, ಸೋದರಮಾವ ಎಂದೋ ಕೊಟ್ಟಿದ್ದ ಈ ಯಂತ್ರವನ್ನು ಇಳಿಸಿದೆ.

ಇದನ್ನು ಎಬ್ಬಿಸಿ ಕೂಡಿಸಲು ಶಹಾಪುರದಿಂದ ಯಾದಗಿರಿಗೆ ಮೂರು ಸಲ ಬಸ್ಸಿನಲ್ಲಿ ಹೋದೆ. ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರವೆಂದು ಇದಕ್ಕೆ ಹೆಸರಿಟ್ಟವನ ತೊಡೆ ಹೇಗಿತ್ತೋ ಕಾಣೆ, ನನ್ನದಂತೂ ಜೋಮು ಹಿಡಿಯಿತು. ರಿಪೇರಿ ಅಂಗಡಿಯವನು ಅದನ್ನು ಎರಡೂ ಕೈಯಿಂದ ಎತ್ತಿ ನೋಡಿ, "ಇದರ ವಾರಂಟಿ ನಾ ಶಾಲಿಗಿ ಸೇರೂಕಿಂತ ಮೊದ್ಲ ಮುಗದದ್ರಿ ಸರ್" ಎಂದ. ಆದರೂ ಎಲ್ಲಿಂದಲೋ ಹೊಂದುವ ಚಾರ್ಜರ್ ತಂದ, ಒಳಗಿನ ನಾಣ್ಯದಂಥ ಸಣ್ಣ ಬ್ಯಾಟರಿ ಬದಲಿಸಿದ. ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದಾಗ ಮಾತ್ರ ನಾನು ಬೇಡವೆಂದೆ. ನನಗೆ ಬೇಕಾದ ಆಟ ಆ ಹಳೆಯ ಸಾಮಾನಿನೊಳಗೇ ಇತ್ತು. ಹೀಗೆ ರಿಪೇರಿಯಾಗಿ ಮನೆಗೆ ಬಂದ ಮರುದಿನವೇ ಆ ಕಾಳುಗಳು ಉದುರಿದ್ದು.

ಆ ಸುಳ್ಳು ಹೇಳಿದ ಕಾಲಕ್ಕೆ ನಾನು ಸುರಪುರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಮಾವ ಮನೆಯ ಮುಂದಿನ ಖೋಲಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಮದುವೆ ಕಾರ್ಡು, ಮಕ್ಕಳ ಕೂದಲು ತೆಗೆಸುವ ಜವಳದ ಕಾರ್ಡು, ಒಮ್ಮೊಮ್ಮೆ ಕುರಿ ಕಳೆದುಹೋದ ಚೀಟಿ. ಈ ಲ್ಯಾಪ್‌ಟಾಪನ್ನು ಅವರು ಹೈದರಾಬಾದಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡು, ಮದುವೆ ಹೆಣ್ಣನ್ನು ಕರೆತಂದ ಹಾಗೆ ಬಸ್ಸಿನ ಸೀಟಿನಲ್ಲಿ ಪಕ್ಕದಲ್ಲೇ ಕೂಡಿಸಿಕೊಂಡು ತಂದಿದ್ದರು. ಅದರಲ್ಲಿ ಮೇಲಿನಿಂದ ಇಟ್ಟಿಗೆ ಬೀಳುವ ಒಂದು ಆಟವಿತ್ತು. ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಹೊಂದಿಸಬೇಕು, ಒಂದು ವರಸೆ ತುಂಬಿದರೆ ಅದು ಮಾಯವಾಗುತ್ತದೆ.

ಮಾವನ ಹೆಂಡತಿ ನೀಲತ್ತೆ ಸಗರದ ಗೌಂಡಿಯ ಮಗಳು. ಗೋಡೆ ಕಟ್ಟುವ ಅಪ್ಪನಿಗೆ ಇಟ್ಟಿಗೆ ಕೊಡುತ್ತಲೇ ಬೆಳೆದವರು. ಒಂದು ಮಧ್ಯಾಹ್ನ ನನ್ನ ಹಿಂದೆ ನಿಂತು ನಾನು ಆಡುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. "ಏನೋ ಅಳಿಯಾ, ಇಟ್ಟಂಗಿ ಸಂದಿ ಮ್ಯಾಲ ಸಂದಿ ತರತಿ? ನಮ್ಮಪ್ಪ ಇದ್ದಿದ್ರ ಕೈಮ್ಯಾಲ ಹೊಡೀತಿದ್ದ. ಸರಿ ಅತ್ತಾಗ." ಸರಿದೆ. ಅಂದಿನಿಂದ ಮಧ್ಯಾಹ್ನದ ಆ ಕುರ್ಚಿ ಅವರದಾಯಿತು.

ಆಟದ ಒಂದು ನಿಯಮ ಮಾತ್ರ ಅವರಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. "ಇದೆಂಥಾ ನ್ಯಾಯೋ? ಚಂದಾಗಿ ಕಟ್ಟಿದ ವರಸಿ ಹೋಗಿಬಿಡ್ತದ, ಕೆಟ್ಟಾಗಿ ಕಟ್ಟಿದ್ದು ಹಂಗ ಉಳೀತದ!" ಹೀಗೆ ಬೈಯುತ್ತಲೇ ಅವರು ಮುಟ್ಟಿದ ಅಂಕದ ಅರ್ಧಕ್ಕೂ ನಾನು ಬರುತ್ತಿರಲಿಲ್ಲ. ಹತ್ತು ಹೆಸರಿನ ಪಟ್ಟಿಯಲ್ಲಿ ಹತ್ತೂ ಅವರವೇ. ಆಟ ಮುಗಿದಾಗಲೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಅವರ ಹೆಸರು ಒತ್ತುವ ಗುಮಾಸ್ತಿಕೆ ನನ್ನದು.

ಅದನ್ನೂ ಸಹಿಸುತ್ತಿದ್ದೆ. ಆದರೆ ಅತ್ತೆ ಕಾರ್ಡು ಮಾಡಿಸಲು ಬಂದವರ ಮುಂದೆ, "ನಮ್ಮ ಅಳಿಯ ಬಿ.ಎಸ್ಸಿ. ಓದತಾನ್ರಿ, ಗ್ವಾಡಿ ಕಟ್ಟಾಕ ಮಾತ್ರ ಬರಂಗಿಲ್ಲ" ಎಂದು ಹೇಳತೊಡಗಿದರು. ಒಮ್ಮೆ ನನ್ನದೇ ಕಾಲೇಜಿನ ಹುಡುಗಿಯೊಬ್ಬಳು ಅಕ್ಕನ ಮದುವೆ ಕಾರ್ಡಿಗೆ ಬಂದಾಗಲೂ ಹೇಳಿದರು. ಅವಳು ನಕ್ಕಳು. ಇಪ್ಪತ್ತರ ವಯಸ್ಸಿನಲ್ಲಿ ಅದು ಎಂಥ ಪೆಟ್ಟೆಂದು ನಿಮಗೆ ಹೇಳಬೇಕಿಲ್ಲ.

ಮಹಾನವಮಿ ಬಂತು. ಅತ್ತೆ ಲ್ಯಾಪ್‌ಟಾಪಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹೂವೇರಿಸಿ, ಮುಷ್ಟಿ ತುಂಬ ಅಕ್ಷತೆ ಹಾಕಿದರು. ಅಷ್ಟು ಭಕ್ತಿಯನ್ನು ಮಾವನ ಸ್ಕೂಟರೂ ಕಂಡಿರಲಿಲ್ಲ. ಮರುದಿನ ಯಾರೂ ಇಲ್ಲದಾಗ ನಾನು ಅಂಕಗಳ ಫೈಲನ್ನು ಅಳಿಸಿದೆ. ಸಂಜೆ ಅತ್ತೆ ಖಾಲಿ ಪಟ್ಟಿ ನೋಡಿ ಗಾಬರಿಯಾದಾಗ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅಕ್ಕಿ ಒಳಗ ಹೋಗ್ಯಾವ್ರಿ ಅತ್ತಿ. ಅದಕ್ಕ ಹಿಂಗಾಗ್ಯಾದ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮಾವನ ಕಾರ್ಡಿನ ಕೆಲಸ ಎಲ್ಲಾ ಅದಾವಲ್ಲ?"

"ಅದಾವ್ರಿ. ಆಟದ್ದಷ್ಟ ಹೋಗ್ಯಾವ."

"ಪುಣ್ಯ" ಎಂದರು. ಆಮೇಲೆ ಆ ಕುರ್ಚಿಯಲ್ಲಿ ಕೂಡಲಿಲ್ಲ. ಪ್ರಿಂಟರ್ ಕೈಕೊಟ್ಟರೂ, ಫ್ಯಾನ್ ನಿಂತರೂ ಮಾವ ಒಳಗೆ ಮುಖ ಮಾಡಿ "ಅಕ್ಕಿ ಏನರೆ ಹಾಕಿದ್ಯಾ?" ಎಂದು ಕೂಗುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಈಗ ಮೇಜಿನ ಮೇಲೆ ಮೂರು ಕಾಳು ಬಿದ್ದಿದ್ದವು. ಯಂತ್ರ ಶುರುವಾಯಿತು, ಚಹಾ ಮುಗಿಯಿತು, ಆಟ ತೆರೆಯಿತು. ಪಟ್ಟಿಯಲ್ಲಿ ಹತ್ತೂ ಕಡೆ ನನ್ನ ಹೆಸರು. ಅಂಕಗಳೋ, ಅತ್ತೆ ಒಂದು ಕೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಗಳಿಸುವಂಥವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆಡಲು ಕೈ ಬರಲಿಲ್ಲ.

ಮುಂದಿನ ಭಾನುವಾರ ಅದನ್ನು ಹೊತ್ತುಕೊಂಡು ಸುರಪುರಕ್ಕೆ ಹೋದೆ. ಮಾವ ಪೇಪರ್ ಓದುತ್ತಿದ್ದರು. ಅತ್ತೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಲ್ಯಾಪ್‌ಟಾಪ್ ಕಂಡದ್ದೇ ಮೊರ ಎಳೆದುಕೊಂಡು ಹಿಂದೆ ಸರಿದರು. "ನನ್ನ ಬಾಜೂಕ ಇಡಬ್ಯಾಡೋ ಅದನ್ನ. ನಾ ಮುಟ್ಟಿದ್ರ ಮತ್ತೇನರೆ ಹೋದೀತು."

ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಹಾರಿಹೋಯಿತು. ನೆಟ್ಟಗೆ ಹೇಳಿದೆ. ಅಳಿಸಿದ್ದು ನಾನು, ಅಕ್ಕಿಯಲ್ಲ ಎಂದೆ.

ಅತ್ತೆಯ ಕೈ ಬೇಳೆಯಲ್ಲೇ ನಿಂತಿತು. "ಅಂದ್ರ ಅಕ್ಕೀದು ಏನೂ ತಪ್ಪಿಲ್ಲ?"

"ಇಲ್ರಿ ಅತ್ತಿ. ತಪ್ಪು ನಂದು."

ಅವರು ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿದರು. "ಕೇಳಿದ್ರಿಲ್ಲ? ಇಪ್ಪತ್ತು ಮಾರ್ನಮಿ ಆತು, ನಾ ಮಿಕ್ಸರಿಗಿ, ಗಾಡಿಗಿ, ಹೊಲಿಗಿ ಮಷಿನ್ನಿಗಿ ಮಾರು ದೂರ ನಿಂತು ಕೈ ಮುಗದೀನಿ. ಒಂದು ಕಾಳು ಹಾಕಿಲ್ಲ. ನನ್ನ ಕೈನ ಕೆಟ್ಟದ್ದು ಅಂತ ತಿಳಕೊಂಡಿದ್ದೆ."

ಮಾವ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದು, "ನಾ ಸುಮ್ಮ ಚ್ಯಾಷ್ಟಿ ಮಾಡತಿದ್ದೆ" ಎಂದರು.

ಅತ್ತೆ ಎದ್ದು ಒಳಗೆ ಹೋದರು. ಅಳಲು ಹೋದರೆಂದುಕೊಂಡೆ. ಹೊರಗೆ ಬಂದಾಗ ಅವರ ಮುಷ್ಟಿ ತುಂಬ ಅಕ್ಷತೆ ಇತ್ತು. ಅರ್ಧವನ್ನು ಕೀಬೋರ್ಡಿನ ಮೇಲೆ ಎರಚಿದರು. ಉಳಿದರ್ಧ ನನ್ನ ತಲೆಗೆ. ಆಶೀರ್ವಾದ ಮಾಡುವವರು ಅಷ್ಟು ಬಿರುಸಾಗಿ ಎಸೆಯುವುದಿಲ್ಲ.

"ಹಚ್ಚು ಈಗ. ಕೆಡತದೇನು ನೋಡೋಣು."

ಕೆಡಲಿಲ್ಲ. ಅತ್ತೆ ಕೂತು ಆಡಿದ ಮೊದಲ ಎರಡು ಆಟ ಬೇಗ ಮುಗಿದವು. ಮೂರನೆಯದರಲ್ಲಿ ಬೆರಳಿಗೆ ಹಳೆಯ ರೂಢಿ ಬಂತು, ಜೊತೆಗೆ ಹಳೆಯ ಬೈಗುಳವೂ. ನಾಲ್ಕನೆಯದು ಮುಗಿದಾಗ ಅವರು ನನ್ನ ಅತಿ ದೊಡ್ಡ ಅಂಕವನ್ನು ದಾಟಿದ್ದರು. ಹೆಸರು ಕೇಳುವ ಜಾಗ ತೆರೆಯಿತು. ಅಭ್ಯಾಸಬಲದಿಂದ ನಾನು ಕೈ ಚಾಚಿದೆ. ಅವರು ಅದನ್ನು ತಳ್ಳಿದರು.

"ನೀ ಮುಟ್ಟಬ್ಯಾಡ."

ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ತಮ್ಮ ಹೆಸರು ಒತ್ತಿದರು. ಹೊರಡುವಾಗ ಬಾಗಿಲವರೆಗೆ ಬಂದು, "ಇನ್ನ ಒಂಬತ್ತು ಕಡಿ ನಿಂದ ಹೆಸರದ. ಬರೂ ಐತವಾರ ತಗೊಂಡು ಬಾ" ಎಂದರು.

ಆಮೇಲೆ ಎರಡು ಭಾನುವಾರ ಹೋಗಿ ಬಂದಿದ್ದೇನೆ. ಪಟ್ಟಿಯಲ್ಲಿ ನನ್ನ ಹೆಸರು ಈಗ ಒಂದೇ ಕಡೆ, ಎಲ್ಲಕ್ಕಿಂತ ಕೆಳಗೆ ಉಳಿದಿದೆ. ಯಂತ್ರವನ್ನು ಎತ್ತಿದರೆ ಒಳಗೆ ಅಕ್ಕಿಕಾಳು ಗಲಗಲ ಎನ್ನುತ್ತವೆ. ಒಂದೆರಡು ಕೀಲಿ ಸರಿಯಾಗಿ ಇಳಿಯುವುದೂ ಇಲ್ಲ. ಬೋರಲು ಹಾಕಿ ತಟ್ಟಬಾರದೇ ಎಂದು ಹೆಂಡತಿ ಕೇಳಿದಳು. ಹಾಗೇ ಇರಲಿ ಎಂದೆ. ನಾಳೆ ಮತ್ತೆ ಭಾನುವಾರ.