ಮಧ್ಯದ ಮನೆಯ ಡಬ್ಬಿ

ವೈಫೈ ಹಾಕುವುದು ನನ್ನ ಕಸುಬು. ಚಾಮರಾಜನಗರದ ಕಲ್ಯಾಣ ಮಂಟಪ, ಗುಂಡ್ಲುಪೇಟೆಯ ಲಾಡ್ಜು, ಬಂಡೀಪುರದ ದಾರಿಯ ಹೋಂಸ್ಟೇ, ಎಲ್ಲ ಕಡೆ ನಾನು ಮೊಳೆ ಹೊಡೆದು ಕೂರಿಸಿದ ಬಿಳಿ ಡಬ್ಬಿಗಳಿವೆ. ಯಾವ ಗೋಡೆ ಎಷ್ಟು ಸಿಗ್ನಲ್ ನುಂಗುತ್ತದೆ ಅಂತ ಕಣ್ಣಲ್ಲೇ ಅಳೆದು ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಥೂ, ಈಗ ಆ ಮಾತು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಅಷ್ಟು ಡಬ್ಬಿಗಳಲ್ಲಿ ನಮ್ಮ ಮನೆಯವರಿಗೆ ಅಂತ ಹಾಕಿದ್ದು ಮೂರೇ ಮೂರು.

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬಾರದು. ಸ್ಕೂಲಿಗೆ ಹೋದವಳಲ್ಲ. ಓದು ಬರಹ ಅವಳಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಅವರಿಬ್ಬರ ನಡುವೆ ಇದ್ದದ್ದು ಅಮ್ಮ ತಾನೇ ಕಟ್ಟಿದ ಕೈಮಾತು. ಮೂಗುಬೊಟ್ಟಿನ ಜಾಗ ಮುಟ್ಟಿದರೆ ಅಮ್ಮ. ಮೀಸೆ ತಿರುವಿದರೆ ಭಾವ. ಕಿವಿ ಹಿಂಡಿಕೊಂಡರೆ ನಾನು, ಚಿಕ್ಕಂದಿನಲ್ಲಿ ಅಷ್ಟು ಸಲ ಹಿಂಡಿಸಿಕೊಂಡಿದ್ದೇನೆ. ಆ ಭಾಷೆ ಈ ಭೂಮಿಯ ಮೇಲೆ ಮೂರು ಜನಕ್ಕೆ ಗೊತ್ತಿತ್ತು. ಅರ್ಧಂಬರ್ಧ ಬಲ್ಲ ಭಾವನನ್ನೂ ಸೇರಿಸಿದರೆ ಮೂರೂವರೆ.

ಅಕ್ಕನನ್ನು ಕೊಟ್ಟದ್ದು ಗುಂಡ್ಲುಪೇಟೆಯಿಂದ ಆಚೆ, ಕಾಡಿನ ಕಡೆಯ ಒಂದು ಊರಿಗೆ. ಅಮ್ಮ ನನ್ನ ಜೊತೆ ಚಾಮರಾಜನಗರದಲ್ಲಿದ್ದಳು. ಕಾಲಲ್ಲಿ ಶಕ್ತಿ ಇರುವವರೆಗೆ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಮಗಳನ್ನು ನೋಡಿ ಬರುತ್ತಿದ್ದಳು. ಆಮೇಲೆ ಕಾಯಿಲೆ ಬಂದು ಹಾಸಿಗೆ ಹಿಡಿದಳು. ಬೇರೆ ತಾಯಿ ಮಗಳಾಗಿದ್ದರೆ ಫೋನಿನಲ್ಲಿ ದನಿ ಕೇಳಿ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಇವರಿಗೆ ಚಿತ್ರವೇ ಬೇಕು. ಅಕ್ಕನ ಊರಿನಲ್ಲೋ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ಕೆರೆ ಏರಿಯ ಮೇಲೆ ಮಾತ್ರ. ಅಲ್ಲೂ ಚಿತ್ರ ಬರುವಷ್ಟಿಲ್ಲ.

ಊರಿನ ಹಾಲಿನ ಡೈರಿಯವರೆಗೆ ಇಂಟರ್ನೆಟ್ ಕೇಬಲ್ ಬಂದಿತ್ತು. ಅಲ್ಲಿಂದ ಅಕ್ಕನ ಮನೆಗೆ ಇನ್ನೂರು ಹೆಜ್ಜೆ. ವೈರ್ ಎಳೆದೆ. ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಮೊದಲ ವಾರವೇ ಅದನ್ನು ಹರಿದುಹಾಕಿತು. ಆಗ ಮೆಶ್ ಹಾಕೋಣ ಎಂದು ತೀರ್ಮಾನಿಸಿದೆ: ಡೈರಿ ಗೋಡೆಯ ಮೇಲೊಂದು ಡಬ್ಬಿ, ಅಕ್ಕನ ಮನೆಯಲ್ಲೊಂದು, ನಡುವೆ ಬರುವ ಅಜ್ಜಿಯೊಬ್ಬಳ ಮನೆಯ ಅಟ್ಟದಲ್ಲೊಂದು. ಒಂದರಿಂದ ಇನ್ನೊಂದು ಗಾಳಿಯಲ್ಲೇ ಸಿಗ್ನಲ್ ಇಸಿದುಕೊಳ್ಳುತ್ತದೆ.

ಇದರಲ್ಲಿ ಎರಡು ದಾರಿಗಳಿವೆ. ಎರಡು ಪಾಯಿಂಟ್ ನಾಲ್ಕು ಅಂತ ಕರೆಯುವ ಬ್ಯಾಂಡು ಗೋಡೆ ತೂರಿಕೊಂಡು ದೂರ ಹೋಗುತ್ತದೆ, ಆದರೆ ಹೆಚ್ಚು ಹೊರೆ ಹೊರುವುದಿಲ್ಲ. ಐದರ ಬ್ಯಾಂಡು ವೇಗ, ಚಿತ್ರಕ್ಕೆ ಅದೇ ಸರಿ, ಆದರೆ ಮಣ್ಣಿನ ಗೋಡೆ ಅಡ್ಡ ಬಂದರೆ ಅಲ್ಲೇ ಸುಸ್ತು. ಒಂದು ದಿನವಿಡೀ ನಾನು ಮತ್ತು ಅಕ್ಕ ಫೋನ್ ಹಿಡಿದು ಮನೆ ಮನೆ ಅಟ್ಟ ಹತ್ತಿ ಇಳಿದೆವು. ಅಜ್ಜಿ ಮನೆಯ ಅಟ್ಟದ ಕಿಟಕಿಗೆ ಆ ಕಡೆ ಡೈರಿಯೂ ಈ ಕಡೆ ಅಕ್ಕನ ಮನೆಯ ಜಗಲಿಯೂ ಕಾಣುತ್ತಿದ್ದವು. ಡಬ್ಬಿ ಡಬ್ಬಿಗಳ ನಡುವಿನ ಮಾತಿಗೆ ಐದರ ಬ್ಯಾಂಡನ್ನೇ ಮೀಸಲಿಟ್ಟೆ. ಚಿತ್ರ ಕನ್ನಡಿಯ ಹಾಗೆ ಬಂತು. ಅಕ್ಕ ಖುಷಿಗೆ ನನ್ನ ಬೆನ್ನಿನ ಮೇಲೆ ಒಂದು ಗುದ್ದಿದಳು.

ಆ ಅಜ್ಜಿಗೆ ಒಂದು ಚಟ. ದೂರದಲ್ಲಿ ಗುಡುಗಿದರೆ ಸಾಕು, ಮನೆಯಲ್ಲಿರುವ ಪ್ಲಗ್ಗುಗಳನ್ನೆಲ್ಲ ಕಿತ್ತುಹಾಕುತ್ತಿದ್ದಳು. ಟಿವಿ, ಮಿಕ್ಸಿ, ಜೊತೆಗೆ ನನ್ನ ಡಬ್ಬಿ. ನಾನು ಕೈ ಮುಗಿದು ಹೇಳಿದೆ, ಅಜ್ಜಿ, ಇದೊಂದನ್ನು ಕೀಳಬೇಡ.

"ಅದೆಂಗಪ್ಪ ಬುಡಾದು? ಓದ್ ವರ್ಸ ಸಿಡ್ಲು ಬಡ್ದು ಟಿವಿ ಸುಟ್ಟೋಯ್ತು. ನಿಂದೂ ಸುಟ್ಟೋಗ್ಲಿ ಅಂತೀಯಾ? ನಿನ್ನ ಒಳ್ಳೇದ್ಕೇ ಕಣ್ ಮಗಾ ನಾ ಕೀಳಾದು."

ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಸಿಡಿಲು ಬಡಿಯುವ ಊರು ಅದು. ನಾನು ಅವಳ ಮಗನ ಹತ್ತಿರ ಮಾತಾಡಬೇಕಿತ್ತು, ಇಲ್ಲವೇ ಡಬ್ಬಿಗೊಂದು ಸಣ್ಣ ಬ್ಯಾಟರಿ ಕೂರಿಸಬೇಕಿತ್ತು. ಮುದುಕಿ ಜೊತೆ ಯಾರು ಹೆಣಗುತ್ತಾರೆ ಎಂದು ಯಂತ್ರಕ್ಕೇ ಬುದ್ಧಿ ಕಲಿಸಿದೆ. ಮಧ್ಯದ ಡಬ್ಬಿ ನಿಂತರೆ ಅಕ್ಕನ ಮನೆಯದು ತಾನೇ ದಾರಿ ಹುಡುಕಿ, ಎರಡು ಪಾಯಿಂಟ್ ನಾಲ್ಕರಲ್ಲಿ ನೇರ ಡೈರಿಯನ್ನು ಹಿಡಿಯುವ ಹಾಗೆ ಮಾಡಿಟ್ಟೆ. ಚಿತ್ರ ತಡವರಿಸುತ್ತದೆ, ಆದರೆ ಪೂರ್ತಿ ಸಾಯುವುದಿಲ್ಲ. ಭಾವನಿಗೆ ಅದನ್ನು ತೋರಿಸಿ ಜಂಬದಿಂದ ನನ್ನ ಮೀಸೆ ತಿರುವಿದೆ.

"ನೀನು ಬಲೇ ಕಿಲಾಡಿ ಕಣ್ಲಾ," ಎಂದ ಭಾವ.

ಏಳೆಂಟು ತಿಂಗಳು ಸುಖವಾಗಿತ್ತು. ದಿನಾ ಹನ್ನೊಂದಕ್ಕೆ ಅಮ್ಮ ಅಕ್ಕ ಇಬ್ಬರೂ ಫೋನ್ ಮುಂದೆ ಕೂರುತ್ತಿದ್ದರು. ಅಮ್ಮ ಕೈಯಲ್ಲೇ ಬೈಯುವುದು, ಅಕ್ಕ ಕೈಯಲ್ಲೇ ಎದುರಾಡುವುದು. "ಬಾಯಿರೋರ್ಗಿಂತ ಜಾಸ್ತಿ ಮಾತಾಡ್ತಾಳೆ ಕಣ್ಲಾ ಇವ್ಳು," ಎಂದು ಅಮ್ಮ ನಗುತ್ತಿದ್ದಳು. ಬೇಸಿಗೆ ಬರುವಷ್ಟರಲ್ಲಿ ಅಮ್ಮನ ಕೈ ನಿಧಾನವಾಯಿತು. ಕೈ ಎತ್ತಿದರೆ ಇಳಿಸಲು ಹೊತ್ತು ಬೇಕು. ಇನ್ನು ಕೆಲವೇ ದಿನ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಅಮ್ಮನಿಗೆ ತಾನಾಗಿಯೇ ಗೊತ್ತಾಯಿತೋ ಏನೋ. ಒಂದು ಮಧ್ಯಾಹ್ನ ಎರಡರ ಹೊತ್ತಿಗೆ, "ಮಗಾ, ಅವ್ಳ ನೋಡ್ಬೇಕು ಕಣ್ಲಾ, ಫೋನ್ ಆಕು," ಎಂದಳು. ಬರುವುದಕ್ಕೆ ನಾನೇ ಹೇಳುತ್ತೇನೆ ಬಿಡಮ್ಮ ಎಂದೆ. "ಬ್ಯಾಡ, ನಾನೇ ಕರೀತೀನಿ," ಎಂದು ಹಟ ಹಿಡಿದಳು. ನಾನು ಪಕ್ಕದಲ್ಲಿ ಕೂತು, ಅವಳ ಮುಖ ಕೈ ಎರಡೂ ಕಾಣುವ ಹಾಗೆ ಫೋನ್ ಹಿಡಿದೆ. ಅಕ್ಕ ಬಂದಳು. ಅವಳ ಮನೆಯಲ್ಲಿ ಅವತ್ತು ರೇಷ್ಮೆ ಹುಳ ಹಣ್ಣಾಗಿದ್ದವು. ಗೂಡು ಕಟ್ಟಲು ಹುಳಗಳನ್ನು ಆವತ್ತೇ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡದಿದ್ದರೆ ಬೆಳೆ ಕೈಬಿಟ್ಟ ಹಾಗೆ. ಆದರೂ ಅಮ್ಮನ ಮುಖ ನೋಡಿದವಳೇ ಕೇಳಿದಳು: ಹುಳ ಬಿಟ್ಟು ಈಗಲೇ ಬರಲಾ?

ನಮ್ಮ ಕೈಮಾತಿನಲ್ಲಿ 'ಬಾ' ಅನ್ನುವುದು ಹೀಗೆ: ಅಂಗೈಯನ್ನು ಎದುರಿನವರ ಕಡೆ ಚಾಚಿ, ಬೆರಳುಗಳನ್ನು ಎರಡು ಸಲ ನಮ್ಮ ಕಡೆಗೆ ಮಡಿಸಬೇಕು. ಬೆರಳು ಮಡಿಸದೆ ಅಂಗೈಯನ್ನು ಹಾಗೇ ಹಿಡಿದರೆ ಅದು 'ಬೇಡ, ನಿಲ್ಲು, ಅಲ್ಲೇ ಇರು'. ಅಮ್ಮ ಕೈ ಎತ್ತಿದಳು, ಅಂಗೈ ಚಾಚಿದಳು, ಬೆರಳು ಮಡಿಸಿದಳು. ನಿಧಾನಕ್ಕೆ ಎರಡು ಸಲ ಮಡಿಸಿದಳು. ನಾನು ಕಣ್ಣಾರೆ ಕಂಡೆ. ಅತ್ತ ಅಕ್ಕ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಎದೆಯ ಮೇಲೆ ಕೈ ಇಟ್ಟಳು. ಸರಿ ಅಂತ ಅರ್ಥ. ಅಷ್ಟಕ್ಕೆ ಕರೆ ಕಡಿದುಹೋಯಿತು.

"ಬತ್ತಾಳೆ," ಎಂದು ಅಮ್ಮ ಕಣ್ಣು ಮುಚ್ಚಿಕೊಂಡಳು.

ಮೂರರ ಬಸ್ಸಿಗೆ ಹತ್ತಿದರೂ ಐದಕ್ಕೆ ಬಾಗಿಲಲ್ಲಿರಬೇಕು. ಐದಾಯಿತು, ಆರಾಯಿತು. ಅಮ್ಮ ಬಾಗಿಲ ಕಡೆ ತಲೆ ತಿರುಗಿಸಿಕೊಂಡು ಮಲಗಿದ್ದಳು. ಮಳೆಗೆ ಬಸ್ಸು ತಡ ಅಂತ ಅವಳಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಕರೆ ಮಾಡಿದರೆ ಸಿಗಲೇ ಇಲ್ಲ, ಮಳೆಗೆ ಆ ಊರಿಗೇ ಕರೆಂಟು ಹೋಗಿರಬೇಕು. ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಬೈಕು ಹತ್ತಲಾರದೆ ಅಕ್ಕ ದಾರಿಯಲ್ಲಿದ್ದಾಳೆ ಎಂದೇ ನಂಬಿ ಕೂತೆ. ಪಕ್ಕದ ಮನೆಯವರನ್ನು ಅಮ್ಮನ ಹತ್ತಿರ ಕೂರಿಸಿ ಹೋಗಬಹುದಿತ್ತಲ್ಲ ಅಂತ ಈಗ ಹೊಳೆಯುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೆಳಿಗ್ಗೆ ಕಾಫಿ ಕಾಯಿಸಿ ತಂದು ಎಬ್ಬಿಸಿದರೆ ಅಮ್ಮ ಏಳಲಿಲ್ಲ. ಮುಖ ಬಾಗಿಲ ಕಡೆಗೇ ಇತ್ತು.

ಅಕ್ಕ ಬಂದದ್ದು ಸಾವಿನ ಸುದ್ದಿ ತಲುಪಿದ ಮೇಲೆ. ಬೆರಳುಗಳಿಗೆಲ್ಲ ಹುಳದ ಅಂಟು ಹಾಗೇ ಇತ್ತು. ನನ್ನ ಎದೆಗೆ ಗುದ್ದಿ ಗುದ್ದಿ ಕೇಳಿದಳು: ಬೇಡ ಅಂದಳಲ್ಲ, ಅಮ್ಮ ಯಾಕೆ ನನ್ನನ್ನು ಬೇಡ ಅಂದಳು?

ನನಗೆ ತಲೆ ಬುಡ ಅರ್ಥವಾಗಲಿಲ್ಲ. ಮಣ್ಣಾದ ಮೂರನೇ ದಿನ ಅವಳ ಊರಿಗೆ ಹೋಗಿ ಡೈರಿಯ ಡಬ್ಬಿಯ ದಾಖಲೆ ತೆಗೆದು ನೋಡಿದೆ. ಅವತ್ತು ಎರಡು ಗಂಟೆ ದಾಟುತ್ತಿದ್ದ ಹಾಗೆ ಅಲ್ಲಿ ಗುಡುಗಿದೆ. ಅಜ್ಜಿ ಪ್ಲಗ್ ಕಿತ್ತಿದ್ದಾಳೆ. ನಾನು ಬುದ್ಧಿ ಕಲಿಸಿದ ಡಬ್ಬಿ ಕಲಿಸಿದ ಹಾಗೇ ನಡೆದುಕೊಂಡಿದೆ, ಎರಡು ಪಾಯಿಂಟ್ ನಾಲ್ಕರಲ್ಲಿ ಡೈರಿಯನ್ನು ಹಿಡಿದಿದೆ. ಆ ಸಣ್ಣ ದಾರಿಯಲ್ಲಿ ಅಕ್ಕನ ಚಿತ್ರ ಹೇಗೋ ಇತ್ತ ಬಂದಿದೆ, ಅಮ್ಮನದು ಅತ್ತ ಹಾದಿಲ್ಲ, ಅಂಗೈ ಚಾಚಿದಲ್ಲಿಗೇ ನಿಂತುಬಿಟ್ಟಿದೆ. ಬೇರೆ ಯಾರಾದರೂ ಆಗಿದ್ದರೆ ಚಿತ್ರ ನಿಂತಿದೆ ಅಂತ ಅಕ್ಕನಿಗೆ ಗೊತ್ತಾಗುತ್ತಿತ್ತು. ಅಮ್ಮ ಆ ದಿನಗಳಲ್ಲಿ ಅಲುಗಾಡುತ್ತಲೇ ಇರಲಿಲ್ಲವಲ್ಲ.

ಅಮ್ಮ ಕೈ ಎತ್ತುವ ಮೊದಲೇ ಲೈನು ಪೂರ್ತಿ ಸತ್ತಿದ್ದರೆ ಅಕ್ಕ ಹೆದರಿ, ಹುಳ ಗಿಳ ಎಲ್ಲ ಬಿಸಾಕಿ, ಮೂರರ ಬಸ್ಸು ಹತ್ತುತ್ತಿದ್ದಳು. ಅವಳ ಸ್ವಭಾವ ನನಗೆ ಗೊತ್ತು. ಅದು ಸಾಯದ ಹಾಗೆ ನೋಡಿಕೊಂಡವನು ನಾನು. ಅಜ್ಜಿಯನ್ನು ಬೈಯಲು ಹೋದೆ. ಅವಳು ನನ್ನ ಕೈ ಹಿಡಿದುಕೊಂಡು, "ನಿನ್ ಡಬ್ಬಿ ಜೋಪಾನ್ವಾಗೈತೆ ಕಣ್ ಮಗಾ," ಎಂದು ಅತ್ತಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅಕ್ಕನನ್ನು ಹಿತ್ತಿಲಲ್ಲಿ ಕೂರಿಸಿಕೊಂಡೆ. ಹೇಳಿಯೇ ತೀರಬೇಕು ಎಂದು ಹೊರಟೆ. ಆದರೆ ಹೇಳುವುದು ಹೇಗೆ? ನಮ್ಮ ಕೈಮಾತಿನಲ್ಲಿ ಸಿಗ್ನಲ್‌ಗೆ ಸನ್ನೆಯಿಲ್ಲ, ಬ್ಯಾಂಡಿಗೆ ಇಲ್ಲ, ಡಬ್ಬಿ ದಾರಿ ಬದಲಿಸಿತು ಅನ್ನುವುದಕ್ಕೆ ಇಲ್ಲ. ಹೊಸ ಸನ್ನೆ ಕಟ್ಟುತ್ತಿದ್ದವಳು ಅಮ್ಮ. ಫೋನ್ ತೋರಿಸಿದೆ. ಮೂಗುಬೊಟ್ಟಿನ ಜಾಗ ಮುಟ್ಟಿದೆ. ಅಮ್ಮ 'ಬಾ' ಅಂದಳು ಎಂದು ಬೆರಳು ಮಡಿಸಿ ತೋರಿಸಿದೆ. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಅನ್ನುವ ಹಾಗೆ ಅಕ್ಕ ತಲೆ ಅಲ್ಲಾಡಿಸಿದಳು. ಇಲ್ಲ ಕಣೇ, ಫೋನು ನಿಂತುಹೋಗಿತ್ತು ಎಂದು ಹೇಳಬೇಕಿತ್ತು. ನಿಲ್ಲುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ಸನ್ನೆ. ಬೆರಳು ಮಡಿಸದೆ ಅಂಗೈ ಚಾಚಿದೆ.

ಅವಳ ಕಣ್ಣು ತುಂಬಿಕೊಂಡಿತು. ಹೌದು ಹೌದು, ಹೀಗೇ ಅಂದದ್ದು ಅನ್ನುವ ಹಾಗೆ ತಲೆಯಾಡಿಸಿ, ನನ್ನ ಕೈ ಹಿಡಿದು ಕೆಳಗಿಳಿಸಿದಳು. ಆಮೇಲೆ ಮೂಗುಬೊಟ್ಟಿನ ಜಾಗ ಮುಟ್ಟಿಕೊಂಡು, ತನ್ನದೇ ಅಂಗೈಯನ್ನು ಹಾಗೆಯೇ ನನ್ನ ಮುಂದೆ ಚಾಚಿ ತೋರಿಸಿದಳು.