ಐಲ್ಸಾ ಟಲ್ಲಕ್ ಕೇಳಿದ ನೀರು

ಫ್ಲೋರೈಡ್ ಎಂಬುದು ಹಲ್ಲಿನ ಸೆಟ್ಟು ಹಾಕಿಸಿಕೊಂಡವರು ಆಡಬೇಕಾದ ಮಾತಲ್ಲ. ಅರವತ್ತರ ದಶಕದ ಒಂದು ಸಂಜೆ, ನ್ಯೂಜಿಲೆಂಡಿನ ತೆಂಕಣ ಮೂಲೆಯ ನಮ್ಮ ಗ್ಲೆನ್‌ಕೇರ್ನ್ ಊರಿನ ಸಭಾಭವನದಲ್ಲಿ ಐಲ್ಸಾ ಟಲ್ಲಕ್ ಎದ್ದು ನಿಂತು, "ನಮ್ಮ ಕುಡಿಯೋ ನೀರಿಗೆ ಫ್ಲೋ..." ಎಂದದ್ದೇ ತಡ, ಮೇಲಿನ ಸಾಲು ಇಡಿಯಾಗಿ ಹೊರಗೆ ಹಾರಿ, ಮೇಯರರ ಹೆಂಡತಿ ಮಾಡಿ ತಂದಿದ್ದ ಕೆನೆ ಕೇಕಿನ ನಟ್ಟನಡುವೆ ಹೋಗಿ ಕೂತಿತು.

ನೂರಿಪ್ಪತ್ತು ಜನರ ನಗು. ಅದರ ಮೇಲೆ ತೇಲಿಬಂದದ್ದು ಅವಳ ಅಳಿಯ ಕ್ಲೆಮ್‌ನ ದನಿ: "ಅತ್ತೇ, ಕೇಕ್ ಬೇಕಿದ್ರೆ ಹಲ್ಲನ್ನ ಯಾಕೆ ಕಳಿಸ್ತೀರಿ? ನೀವೇ ಬರಬಾರದಾ!"

ಐಲ್ಸಾ ಹೋಗಿ ಹಲ್ಲನ್ನು ಎತ್ತಿಕೊಂಡಳು. ಲಂಗಕ್ಕೆ ಕೆನೆ ಒರೆಸಿ, ಬಾಯಿಗೆ ಸೇರಿಸಿ, "...ರೈಡ್ ಬೆರೆಸಬೇಕು" ಎಂದು ವಾಕ್ಯ ಮುಗಿಸಿ ಕೂತಳು. ಕೇಕು ನಾಯಿಯ ಪಾಲಾಯಿತು, ಪ್ರಸಂಗ ಊರಿನ ದಂತಕಥೆಯಾಯಿತು.

ಅವಳ ಹಲ್ಲು ಹೋದದ್ದು ಮುಪ್ಪಿನಿಂದಲ್ಲ, ಪ್ರೀತಿಯಿಂದ. ನಮ್ಮಲ್ಲಿ ಆಗ ಹುಡುಗಿಗೆ ಗಂಡು ಗೊತ್ತಾದರೆ, ಅವಳ ಹಲ್ಲನ್ನೆಲ್ಲ ಕೀಳಿಸಿ ಹೊಸ ಸೆಟ್ಟು ಹಾಕಿಸಿ ಕಳಿಸುವುದು ತವರಿನ ದೊಡ್ಡತನ. ಮುಂದೆ ಅಳಿಯನಿಗೆ ಡಾಕ್ಟರ ಖರ್ಚಿರಬಾರದಲ್ಲ! ಇಪ್ಪತ್ತರ ಐಲ್ಸಾಳ ಬಾಯಲ್ಲಿ ಹುಳುಕಾಗಿದ್ದದ್ದು ಮೂರು, ಅಪ್ಪ ಕೀಳಿಸಿದ್ದು ಇಪ್ಪತ್ತೆಂಟು. ಗಂಡ ಮಾವನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ. ಹೊಸ ಕಾರಿಗೂ ಅವನು ಅಷ್ಟೇ ಹೇಳುತ್ತಿದ್ದ.

ಇಲ್ಲಿಗೆ ಮುಗಿದಿದ್ದರೆ ಐಲ್ಸಾ ಬರೀ ಪಾಪದ ಹೆಂಗಸಾಗಿ ಉಳಿಯುತ್ತಿದ್ದಳು. ಆದರೆ ಮಗಳು ರೋನಾ ಕ್ಲೆಮ್‌ನನ್ನು ಮದುವೆಯಾಗುವಾಗ ಅವಳನ್ನೂ ಹಲ್ಲು ಕೀಳುವ ಅದೇ ಕುರ್ಚಿಯಲ್ಲಿ ಕೂರಿಸಿ, ಅಳಬೇಡವೆಂದು ಗದರಿಸಿ, ಕೈ ಹಿಡಿದುಕೊಂಡು ನಿಂತವಳು ಐಲ್ಸಾಳೇ. ಈಗ ರೋನಾಳ ಮಗಳು ಮೆರಿನ್‌ಗೆ ನಾಲ್ಕು ವರ್ಷ. ಎರಡು ದವಡೆಹಲ್ಲು ಆಗಲೇ ಕಪ್ಪಾಗಿದ್ದವು. ಶಾಲೆಯ ದಂತ ಚಿಕಿತ್ಸೆಯ ಕೋಣೆಯನ್ನು ಮಕ್ಕಳು 'ಕೊಲೆಮನೆ' ಎನ್ನುತ್ತಿದ್ದರು. ಅದರ ನೆಲ ಒರೆಸುವ ಕೆಲಸ ಐಲ್ಸಾಳದು. ನೀರಿಗೆ ಫ್ಲೋರೈಡ್ ಬೆರೆಸಿದ ಊರುಗಳಲ್ಲಿ ಮಕ್ಕಳ ಹುಳುಕು ಕಡಿಮೆಯಾಗಿದೆಯೆಂದು ಅಲ್ಲಿನ ನರ್ಸ್ ಹೇಳಿದ ದಿನ ಅವಳು ನಿಶ್ಚಯಿಸಿದಳು: ಮೆರಿನ್‌ಳ ಬಾಯಿಗೆ ಹೊಸ ಹಲ್ಲು ಬರುವುದರೊಳಗೆ ಆ ನೀರು ಬರಬೇಕು.

ಆ ಸಂಜೆಯ ಸಭೆ ವಿಷಯವನ್ನು ಊರವರ ಮತಕ್ಕೆ ಬಿಟ್ಟಿತು. ಕ್ಲೆಮ್ ಊರಿನ ಪ್ಲಂಬರ್. ವಿರೋಧಿಗಳ ಮುಂದಾಳೂ ಅವನೇ. "ಇಲಿ ಪಾಷಾಣ ಕುಡಿಸೋಕೆ ಹೊರಟಿದೀರಿ. ವೋಟಿಂಗ್ ಮುಗಿಯೋತನಕ ಮಗು ನೋಡೋಕೆ ಬರಬೇಡಿ," ಎಂದ. ಅವನ ಬೆನ್ನ ಹಿಂದೆ ರೋನಾ ನಿಂತಿದ್ದಳು.

ಐಲ್ಸಾ ಮನೆಮನೆ ಹತ್ತಿದಳು. ಮೊದಲ ಬಾಗಿಲು ವಿನಿಫ್ರೆಡ್ ಡ್ಯೂವರ್‌ಳದು.

"ನೀನಾ? ಮನೇಲಿ ಕೇಕ್ ಇಲ್ಲ ಕಣೇ!"

ಐಲ್ಸಾ ಮೇಲಿನದನ್ನೂ ಕೆಳಗಿನದನ್ನೂ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬೊಚ್ಚುಬಾಯಲ್ಲೇ ಕೇಳಿದಳು: "ನಿನ್ನ ಹುಡುಗಿ ಮದುವೆ ಮಾರ್ಚಲ್ಲಿ ಅಲ್ವಾ? ಯಾವತ್ತು ಕೀಳಿಸ್ತೀಯಾ?"

ವಿನಿಫ್ರೆಡ್‌ಳ ನಗು ಇಳಿಯಿತು. "ಮುಂದಿನ ಮಂಗಳವಾರ."

"ಒಳ್ಳೇವನ್ನೂ?"

"...ಎಲ್ಲಾನೂ."

"ನಿನ್ನವೂ ಒಳ್ಳೇವೇ ಇದ್ವು, ವಿನೀ. ಶಾಲೇಲಿ ನೀನು ಹಲ್ಲಲ್ಲೇ ವಾಲ್‌ನಟ್ ಒಡೀತಿದ್ದೆ."

ವಿನಿಫ್ರೆಡ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೋಟು ಹಾಕಿಕೊಂಡು ಪಕ್ಕದ ಮನೆಗೆ ತಾನೂ ಬಂದಳು. ಮೂರು ವಾರದಲ್ಲಿ ಹನ್ನೊಂದು ಹೆಂಗಸರಾದರು. ಹೋದಲ್ಲೆಲ್ಲ ಬಿಚ್ಚಿ ಇಡುವುದು, ಅದೇ ಪ್ರಶ್ನೆ ಕೇಳುವುದು. ಹೋಟೆಲಿನ ಗಂಡಸರು ಅವರಿಗೆ 'ಒಸಡಿನ ಸೈನ್ಯ' ಎಂದು ಹೆಸರಿಟ್ಟರು. ಶಾಲೆ ಬಿಟ್ಟ ಮಕ್ಕಳು ತುಟಿ ಒಳಗೆ ಮಡಿಚಿಕೊಂಡು ಅವರ ಹಿಂದೆ ಸಾಲುಹಿಡಿದು ನಡೆದರು. ಒಬ್ಬಳ ಗಂಡ ಅವಳ ಸೆಟ್ಟನ್ನು ಒಲೆಗೆಸೆದ. ಅವಳು ಮರುದಿನ ಬರಿಬಾಯಲ್ಲೇ ಬಂದಳು. ಬಿಚ್ಚುವ ಕೆಲಸ ತಪ್ಪಿತೆಂದಳು.

ಮತ ಎಣಿಸಿದರು. ಫ್ಲೋರೈಡ್ ನಲವತ್ತೊಂದು ಮತಗಳಿಂದ ಗೆದ್ದಿತು.

ಕ್ಲೆಮ್ ಎಲ್ಲರೆದುರೇ ಬಂದು ಅತ್ತೆಯ ಕೈ ಕುಲುಕಿದ. "ಗೆದ್ರಿ ಅತ್ತೇ. ಹಿಡಿದದ್ದನ್ನ ಬಿಡಲಿಲ್ಲ. ಹಲ್ಲಿಲ್ಲದೆ ಕಚ್ಚೋ ಪ್ರಾಣೀನ ಇವತ್ತೇ ನೋಡಿದ್ದು." ಜನ ಮತ್ತೆ ನಕ್ಕರು. ಐಲ್ಸಾಳೂ ನಕ್ಕಳು. ಮೆರಿನ್‌ಳನ್ನು ನೋಡಲು ಭಾನುವಾರ ಬರಬಹುದೇ ಎಂದು ಕೇಳಿದಳು. "ಧಾರಾಳವಾಗಿ ಬನ್ನಿ," ಎಂದ.

ಐದು ತಿಂಗಳ ಮೇಲೆ ಪಂಪ್‌ಹೌಸಿನಲ್ಲಿ ಮೇಯರ್ ಚಕ್ರ ತಿರುಗಿಸಿ ಹೊಸ ನೀರು ಬಿಟ್ಟರು. ಬ್ಯಾಂಡು, ಚಹಾ, ಎಲ್ಲ ಇತ್ತು. ವಿನಿಫ್ರೆಡ್ ಐಲ್ಸಾಳನ್ನು ಮುಂದೆ ತಳ್ಳಿದಳು. ಪತ್ರಿಕೆಯ ತರುಣನೊಬ್ಬ ಪೆನ್ಸಿಲ್ ಚೂಪು ಮಾಡಿಕೊಂಡು ಬಂದ.

"ಮಿಸೆಸ್ ಟಲ್ಲಕ್, ಇದನ್ನೆಲ್ಲ ಮೊಮ್ಮಗಳಿಗೋಸ್ಕರ ಮಾಡಿದ್ದು ಅಂತಾರೆ. ಮೊದಲನೇ ಲೋಟ ಅವಳಿಗೇ ತಾನೇ?"

"ಅವಳು ಕುಡಿಯಲ್ಲಪ್ಪ," ಎಂದಳು ಐಲ್ಸಾ. "ನಾವು ಗೆದ್ದ ವಾರಾನೇ ಅವರಪ್ಪ ಮಳೆನೀರಿಗೆ ತೊಟ್ಟಿ ಕೂರಿಸಿ, ಊರಿನ ಪೈಪನ್ನ ಮನೆಯಿಂದ ಕಿತ್ತು ಹಾಕ್ದ. ಕೆಲಸದಲ್ಲಿ ಎತ್ತಿದ ಕೈ ನೋಡು, ಒಂದು ಹನಿ ಒಳಗೆ ಹೋಗಲ್ಲ."